ಆಡಿನ ಜೊತೆ ಮರಾಠಿ

ನನಗೆ ಬಾಯಿ ಜಾಸ್ತಿ ಎಂದು ಕಾಗವಾಡದ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ, ನಾನೇನು ಅಲ್ಲ ಎನ್ನುವುದಿಲ್ಲ. ನನ್ನ ತವರೂರು ಸತ್ತಿಯಲ್ಲಿ ಕಳೆ ಕೀಳಲು ಹೋದಾಗ ಹೆಂಗಸರು ನನ್ನ ಪಕ್ಕದ ಸಾಲೇ ಬೇಕೆಂದು ಜಗಳ ಮಾಡುತ್ತಿದ್ದರು, ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ ಎಂದು. ಅಂಥ ಸುಂದ್ರವ್ವನ ಮೊಮ್ಮಗಳಿಗೆ ಮೂರು ವರ್ಷ ತುಂಬುತ್ತ ಬಂದರೂ ಒಂದು ಮಾತು ಹೊರಡಲಿಲ್ಲ ಎಂದರೆ ನನ್ನ ಹೊಟ್ಟೆಯಲ್ಲಿ ಏನಾಗಿರಬೇಕು, ನೀವೇ ಹೇಳಿ.

ಹುಡುಗಿಯ ಹೆಸರು ಯಶೋಧರಾ. ಅಷ್ಟುದ್ದ ಯಾರು ಕರೆಯುತ್ತಾರೆ, ಯಶು ಎನ್ನುತ್ತೇವೆ. ನಾನು ಅವಳಿಗೆ ಆಯಿ, ಅಂದರೆ ಅಜ್ಜಿ. ಅವಳಪ್ಪ ಸಂಗ್ರಾಮ ನನ್ನ ಒಬ್ಬನೇ ಮಗ, ಸಕ್ಕರೆ ಕಾರ್ಖಾನೆಯಲ್ಲಿ ನೌಕರಿ. ಸೊಸೆ ನೀಲಮ ಮಿರಜಿನ ಆಚೆ ತಾಸಗಾಂವ ಕಡೆಯವಳು, ಪಕ್ಕಾ ಮರಾಠಿ. ಗಡಿ ಸೀಮೆಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಅಪ್ಪನ ಕಡೆ ಕನ್ನಡ, ಅವ್ವನ ಕಡೆ ಮರಾಠಿ, ಸಂತೆಯಲ್ಲಿ ಎರಡೂ ಕಲಸುಮೇಲೋಗರ. ನೀಲಮ ಬಂದ ಹೊಸದರಲ್ಲಿ 'ಬರ್ರಿ', 'ಕುಂದರ್ರಿ', 'ಉಂಡ್ರ್ಯಾ' ಇಷ್ಟೇ ಕಲಿತಿದ್ದಳು. ಈಗ ಅಂಗಡಿಗೆ ಹೋಗಿ ಸಾಮಾನು ತರುವಷ್ಟು ಬರುತ್ತದೆ. ಆದರೆ ನಗುವುದು, ಸಿಟ್ಟು ಮಾಡುವುದು, ಮಗಳನ್ನು ಮುದ್ದು ಮಾಡುವುದು ಎಲ್ಲ ಮರಾಠಿಯಲ್ಲೇ. ಯಶುವಿಗೆ ನೀರು ಎರೆಯುವಾಗ ಅವಳ ಬಾಯಿ ಶುರುವಾದರೆ ತಲೆ ಒರೆಸಿ ಎಣ್ಣೆ ಹಚ್ಚಿ ಮುಗಿಯುವವರೆಗೆ ನಿಲ್ಲುತ್ತಿರಲಿಲ್ಲ. ನನಗೆ ತಕ್ಕ ಸೊಸೆ ಸಿಕ್ಕಳು ಎಂದು ನಾನು ಒಳಗೊಳಗೇ ಹಿಗ್ಗುತ್ತಿದ್ದೆ.

ಯಶುವಿಗೆ ಮಾತು ಇರಲಿಲ್ಲ ನಿಜ. ಆದರೆ ಆಗ ಅವಳು ಅವ್ವನ ಮುಖ ನೋಡಿ ಕಿಲಕಿಲ ನಗುತ್ತಿದ್ದಳು. ಬೇಕಾದದ್ದರ ಕಡೆಗೆ ನಮ್ಮ ಸೆರಗು ಹಿಡಿದು ಎಳೆಯುತ್ತಿದ್ದಳು. ಇಷ್ಟು ಇತ್ತು.

ಅಂಗನವಾಡಿಯ ಸಾವಕ್ಕ ಟೀಚರು ಒಂದು ದಿನ ಮನೆಗೆ ಬಂದು, "ಆಯೀ, ತಪ್ಪ ತಿಳ್ಕೋಬ್ಯಾಡ್ರಿ. ಕೂಸಿಗೆ ಇನ್ನೂ ಮಾತ ಬಂದಿಲ್ಲ. ಅಥಣಿ ದವಾಖಾನಿಗೆ ಮಾತಿನ ಮೇಡಂ ಬರ್ತಾರ, ಒಮ್ಮೆ ತೋರಸ್ರಿ" ಎಂದಳು. ಒಳ್ಳೆಯ ಮಾತು. ಆದರೆ ಆಗ ನಮ್ಮ ಯಜಮಾನರು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದರು.

ನನ್ನ ಗಂಡ ಜ್ಞಾನದೇವ ಬಸ್ ಕಂಡಕ್ಟರಾಗಿ ರಿಟೈರ್ ಆದವರು. ಮಿರಜ, ಚಿಕ್ಕೋಡಿ, ನಿಪ್ಪಾಣಿ, ಈ ರೂಟಿನಲ್ಲಿ ಅವರು ಹತ್ತದ ಬಸ್ಸಿಲ್ಲ. ಬಸ್ಸು ಬಿಟ್ಟರು, ಕಂಡಕ್ಟರಿಕೆ ಬಿಡಲಿಲ್ಲ. ಮನೆಯಲ್ಲಿ ಯಾರು ಎಲ್ಲಿ ಕೂರಬೇಕು, ಯಾವಾಗ ಏಳಬೇಕು, ಎಲ್ಲ ಅವರೇ ಹೇಳಬೇಕು. ಅವರ ದೋಸ್ತ ಕಾಕಾಸಾಹೇಬ, ರಿಟೈರ್ಡ್ ಡ್ರೈವರು, ಸಾವಕ್ಕನ ಮಾತು ಕೇಳಿಸಿಕೊಂಡು ತನ್ನದೊಂದು ತೆಗೆದ. ಅವನ ತಂಗಿಯ ಬೀಗರ ಪೈಕಿ ಯಾರದೋ ಮಗುವಿಗೂ ಹೀಗೇ ಆಗಿತ್ತಂತೆ. ಮನೆಯಲ್ಲಿ ಒಂದೇ ಭಾಷೆ ಮಾಡಿದರಂತೆ, ಮಗು ಪಟಪಟ ಮಾತಾಡಿತಂತೆ. ಅಂತೆ ಕಂತೆಗಳ ಸಂತೆ! ನನಗೆ ನಗು ಬಂತು. ನಮ್ಮವರಿಗೆ ಬರಲಿಲ್ಲ.

ಅಂದು ಸಂಜೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿದರು.

"ನೋಡ್ರಿ, ಒಂದ ಬಸ್ಸಿಗೆ ಎರಡ ಬೋರ್ಡ ಹಾಕಿದ್ರ ಪ್ಯಾಸೆಂಜರ್ ಏನ ಮಾಡಬೇಕು? ಹತ್ತೂದಿಲ್ಲ, ಅಲ್ಲೇ ನಿಂದರತಾನ. ನಮ್ಮ ಕೂಸಿಂದೂ ಅದ ಆಗೇತಿ. ಅವ್ವ ಒಂದ ಅಂತಾಳ, ಆಯಿ ಒಂದ ಅಂತಾಳ. ಇವತ್ತಿನಿಂದ ಈ ಮನ್ಯಾಗ ಕನ್ನಡ ಅಷ್ಟ. ಮುಂದ ಸಾಲಿ ಕಲಿಯಾಕೂ ಅದ ಬೇಕು. ನೀಲಮ, ತಿಳೀತಿಲ್ಲವ್ವ? ಕೂಸಿನ ಮುಂದ ಮರಾಠಿ ಬ್ಯಾಡ."

ನೀಲಮ ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡು "ಹೂಂ ಮಾಮಾ" ಎಂದಳು. ಮಗಳಿಗೆ ಮಾತು ಬರುತ್ತದೆ ಎಂದರೆ ಆ ಹುಡುಗಿ ಬೆಂಕಿ ತುಳಿ ಎಂದರೂ ತುಳಿಯುತ್ತಿದ್ದಳು. ಸಂಗ್ರಾಮ ಎಂದಿನಂತೆ "ಅಪ್ಪಾ ಹೇಳಿದಂಗ" ಎಂದು ಎದ್ದು ಡ್ಯೂಟಿಗೆ ಹೋದ. ನಾನು ಮಾತ್ರ ಬಿಡಲಿಲ್ಲ.

"ಅಲ್ರಿ, ಆಕಿಗೆ ಕನ್ನಡ ಬರೂದ ಅಷ್ಟಕ್ಕಷ್ಟ. ಕೂಸಿನ ಕೂಡ ಏನ ಮಾತಾಡ್ಬೇಕ ಆಕಿ?"

"ಬರೂಮಟ ಸುಮ್ನಿರ್ಲಿ. ನೀ ಅದಿಯಲ್ಲ, ಇಬ್ಬರದೂ ಸೇರಿಸಿ ನೀನ ಮಾತಾಡು."

ನೋಡಿ, ಇದಕ್ಕೇನು ಹೇಳುತ್ತೀರಿ? ಅವ್ವನ ಪಾಲಿನ ಮಾತನ್ನು ಅಜ್ಜಿ ಆಡಿದರೆ ಮುಗಿಯುತ್ತದೆಯೇ? ಮೊಲೆ ಹಾಲನ್ನೇನು ಅಂಗಡಿಯಿಂದ ತಂದು ಕೊಡಲಾಗುತ್ತದೆಯೇ? ಕೂಗಾಡಿದೆ, ಪಾತ್ರೆ ಕುಕ್ಕಿದೆ, ಎರಡು ದಿನ ಅವರಿಗೆ ಸಪ್ಪನೆಯ ಬೇಳೆ ಬಡಿಸಿದೆ. ಕಲ್ಲಿನ ಮೇಲೆ ನೀರು ಹುಯ್ದಂತಾಯಿತು.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಮೂಕ ಬಾಯಿಗಳಾದವು.

ನೀಲಮ ಮೊದಮೊದಲು ಪಾಪ ಪ್ರಯತ್ನ ಮಾಡಿದಳು. "ಯಶು... ಇದು... ಚೆಂಡು. ಚೆಂಡು ಹಿಡಿ... ಹಿಡೀತೀ?" ಎನ್ನುವಳು. ಮುಂದಿನ ಶಬ್ದ ಸಿಗದೆ ನನ್ನ ಕಡೆ ನೋಡುವಳು. ಅಷ್ಟರಲ್ಲಿ ಮಗು ಎದ್ದು ಹೋಗಿರುತ್ತಿತ್ತು. ಬಾಯಿ ತಪ್ಪಿ ಒಂದು ಮರಾಠಿ ಶಬ್ದ ಬಂದರೆ ತಾನೇ ಬೆದರಿ ತುಟಿ ಕಚ್ಚಿಕೊಳ್ಳುವಳು. ಆಮೇಲಾಮೇಲೆ ಎರೆಯುವುದು, ಉಣಿಸುವುದು, ಜಡೆ ಹಾಕುವುದು ಎಲ್ಲ ಮೌನವಾಗಿಯೇ ನಡೆಯಿತು. ನಾನು ನಡುವೆ ಹೊಕ್ಕು ನನ್ನ ಕನ್ನಡ ಸುರಿಯುತ್ತಿದ್ದೆ. ಮಗು ಕೇಳುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು. ಅವಳು ಬಾಗಿಲ ಹತ್ತಿರ ಕೂತು ಚಿಲಕವನ್ನು ಮೇಲೆ ಕೆಳಗೆ ಮಾಡುವುದನ್ನು ಕಲಿತಳು. ಟಕ್, ಟಕ್, ಟಕ್. ಕರೆದರೆ ತಿರುಗಿ ನೋಡುವುದು ಕಡಿಮೆಯಾಯಿತು. ಸೆರಗು ಎಳೆಯುವುದೂ ನಿಂತಿತು.

"ಕೂಸು ಇನ್ನಷ್ಟ ಹಿಂದ ಸರದೈತ್ರಿ" ಎಂದು ಯಜಮಾನರಿಗೆ ಹೇಳಿದೆ.

"ಹೊಸಾ ರೂಟಿಗೆ ಹಾಕಿದ್ರ ಡ್ರೈವರಗೂ ಸ್ವಲ್ಪ ದಿನಾ ತ್ರಾಸ ಆಗತೈತಿ. ತಡಿ" ಎಂದರು.

ತಡೆದೆ. ತಡೆಯುವುದು ನನ್ನ ಜಾಯಮಾನವಲ್ಲ, ಆದರೂ ತಡೆದೆ.

ಹಿತ್ತಿಲಿನಲ್ಲಿ ನಮ್ಮದೊಂದು ಆಡು ಇದೆ. ಒಂದು ದಿನ ಮಧ್ಯಾಹ್ನ ಯಜಮಾನರು ಕಾಕಾಸಾಹೇಬನ ಮನೆಗೆ ಹೋಗಿದ್ದರು, ಯಶು ಮಲಗಿದ್ದಳು. ಒಣಗಿದ ಬಟ್ಟೆ ತರೋಣವೆಂದು ಹಿತ್ತಿಲ ಬಾಗಿಲಿಗೆ ಹೋದವಳಿಗೆ ಯಾರೋ ಮಾತಾಡುವುದು ಕೇಳಿಸಿತು. ನೋಡಿದರೆ ನೀಲಮ. ಆಡಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಅದರ ಬಾಯಿಗೆ ಹಸಿ ಸೊಪ್ಪು ಹಿಡಿದುಕೊಂಡು, "ಕಾಯ ಗ ಬಾಳಾ, ಭೂಕ ಲಾಗಲೀ? ಯೇ, ಯೇ ಮಾಝ್ಯಾ ಸೋನ್ಯಾ" ಎನ್ನುತ್ತಿದ್ದಳು. ಏನವ್ವ ಕೂಸೇ, ಹಸಿವಾಯಿತಾ, ಬಾ ನನ್ನ ಬಂಗಾರವೇ ಎಂದು. ಯಶುವಿಗೆ ಆಡುತ್ತಿದ್ದ ಮಾತುಗಳೇ, ಒಂದೂ ಬಿಡದೆ. ಅದೇ ರಾಗ, ಅದೇ ನಗು. ಆಡು ಸೊಪ್ಪು ಜಗಿಯುತ್ತ ನಿಂತಿತ್ತು. ಅದರ ಕಿವಿ ನೇವರಿಸುತ್ತ ನೇವರಿಸುತ್ತ ಅವಳು ಅಳಲು ಶುರುಮಾಡಿದಳು.

ಯವ್ವಾ, ಆಡಿನ ಜೊತೆ ಮರಾಠಿ ಮಾತಾಡಬಹುದು, ಹೆತ್ತ ಮಗಳ ಜೊತೆ ಆಡಬಾರದು! ಯಾವ ಮನೆಯಲ್ಲಿ ಉಂಟು ಈ ನ್ಯಾಯ?

ಅವಳಿಗೆ ಕಾಣದ ಹಾಗೆ ಒಳಗೆ ಬಂದು, ಆಮೇಲೆ ಬೇಕೆಂದೇ ಕೆಮ್ಮಿ, ಹೊರಗೆ ಹೋದೆ. "ನೀಲಮ, ನಾಳೆ ಲಗೂನ ಏಳು. ಅಥಣಿಗೆ ಹೋಗೂದೈತಿ" ಎಂದೆ.

"ಮಾಮಾಂಗ ಕೇಳಿದ್ರ್ಯಾ?"

"ನಿಮ್ಮ ಮಾಮಾ ಏನ ನನಗ ತಿಕೀಟ ಕೊಡಬೇಕಿಲ್ಲ, ಹೆಂಗಸರಿಗೆ ಬಸ್ಸು ಫುಕಟ ಐತಿ" ಎಂದೆ. ಹುಡುಗಿ ಕಣ್ಣೀರಿನಲ್ಲೇ ನಕ್ಕಳು.

ಅಥಣಿಯ ದವಾಖಾನೆಯಲ್ಲಿ ಮಾತಿನ ಮೇಡಂ ಎಂದರೆ ನಾನು ಕನ್ನಡಕದ ದೊಡ್ಡ ಹೆಂಗಸೊಬ್ಬರನ್ನು ಅಂದುಕೊಂಡಿದ್ದೆ. ಇದ್ದವಳು ಕೌಸರ ಎಂಬ ಎಳೆಯ ಹುಡುಗಿ, ನಮ್ಮ ನೀಲಮನಿಗಿಂತ ಚಿಕ್ಕವಳೇ ಇರಬೇಕು. ಕುರ್ಚಿ ಬಿಟ್ಟು ಚಾಪೆಯ ಮೇಲೆ ಯಶುವಿನ ಎದುರು ಕೂತಳು. ಕಿವಿಯ ಪರೀಕ್ಷೆ ಮಾಡಿಸಿ ಬಂದದ್ದಾಯಿತು. ಕಿವಿ ಸರಿಯಾಗಿದೆ ಎಂದರು. ಅರ್ಧ ಭಾರ ಇಳಿಯಿತು. ಆಮೇಲೆ ಅವಳು ಒಂದು ಡಬ್ಬಿ ಆಟಿಕೆ ಚಾಪೆಯ ಮೇಲೆ ಸುರಿದು, "ಅಕ್ಕಾರ, ನೀವು ಮನ್ಯಾಗ ಹೆಂಗ ಆಡಸ್ತೀರಿ, ಹಂಗ ಆಡಸ್ರಿ. ನಾ ಸುಮ್ನ ನೋಡ್ತೀನಿ" ಎಂದು ನೀಲಮನಿಗೆ ಹೇಳಿದಳು.

ನೀಲಮ ಒಂದು ಬಟ್ಟಲು ಕೈಗೆ ತೆಗೆದುಕೊಂಡಳು. "ಯಶು... ಇದು ಬಟ್ಟಲ... ಬಟ್ಟಲದಾಗ..." ನಿಂತಳು. ಯಶು ಮುಖ ತಿರುಗಿಸಿ ಗೋಡೆಯ ಸ್ವಿಚ್ಚು ನೋಡುತ್ತ ಕೂತಳು.

ಕೌಸರ ಸ್ವಲ್ಪ ಹೊತ್ತು ನೋಡಿ ಮೆಲ್ಲಗೆ ಕೇಳಿದಳು: "ಅಕ್ಕಾರ, ನಿಮ್ಮವ್ವ ನಿಮ್ಮನ್ನ ಯಾವ ಭಾಷಾದಾಗ ಆಡಸ್ತಿದ್ರು?"

ನೀಲಮ ನನ್ನ ಮುಖ ನೋಡಿದಳು. ಕಳವು ಮಾಡಿ ಸಿಕ್ಕವರ ಹಾಗೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಅವಳ ಮೇಲಲ್ಲ.

"ಮಾತಾಡ ಮಗಳ," ಎಂದೆ. "ಆಡಿನ ಮುಂದ ಮಾತಾಡಿದಂಗ ಮಾತಾಡು."

ಅವಳ ಮುಖ ಕೆಂಪಾಯಿತು. ಆಮೇಲೆ ಬಟ್ಟಲನ್ನು ಎತ್ತಿಕೊಂಡು, ಇಲ್ಲದ ಚಹಾ ಸುರಿದು, ಊದಿ, ಕುಡಿದು, ನಾಲಗೆ ಸುಟ್ಟವರ ಹಾಗೆ ನಾಟಕ ಮಾಡಿ ಮರಾಠಿಯಲ್ಲಿ ಹರಿದಳು. ಕಟ್ಟಿ ಹಾಕಿದ್ದನ್ನು ಬಿಚ್ಚಿದ ಹಾಗೆ ಮಾತು ಬಂತು. ಯಶುವಿನ ಕತ್ತು ತಿರುಗಿತು. ಅವ್ವನ ಬಾಯಿಯನ್ನೇ ನೋಡಿದಳು. ಚಾಪೆಯ ಮೇಲೆ ತೆವಳಿ ಹತ್ತಿರ ಬಂದು ಬಟ್ಟಲಿನ ಅಂಚು ಹಿಡಿದಳು. ಎಷ್ಟು ದಿನವಾಗಿತ್ತು ಆ ಮಗು ಹಾಗೆ ಯಾರ ಮುಖವನ್ನಾದರೂ ನೋಡಿ! ನಾನು ಸೆರಗು ಬಾಯಿಗೆ ಒತ್ತಿಕೊಂಡೆ.

ನಾನು ನಡೆದದ್ದೆಲ್ಲ ಹೇಳಿದೆ. ಬೋರ್ಡು, ಬಸ್ಸು, ಆಡು, ಒಂದೂ ಬಿಡಲಿಲ್ಲ. ಕೌಸರ ನಗಲಿಲ್ಲ.

"ಆಯೀ, ಇದು ಭಾಳ ಮಂದಿ ಮಾಡೂ ತಪ್ಪರಿ. ಎರಡ ಭಾಷಾ ಕೇಳಿದ್ರ ಕೂಸಿನ ಮಾತ ನಿಂದರೂದಿಲ್ಲ. ನಮ್ಮ ಮನ್ಯಾಗ ಉರ್ದು, ಓಣ್ಯಾಗ ಕನ್ನಡ, ಅಜ್ಜಿ ಮನ್ಯಾಗ ಮರಾಠಿ. ನನ್ನ ಮಾತೇನ ನಿಂತೇತೇನ್ರಿ? ಅವ್ವಗ ಯಾವ ಭಾಷಾದಾಗ ಪ್ರೀತಿ ಮಾಡಾಕ ಬರ್ತೈತಿ, ಅದರಾಗ ಮಾತಾಡ್ಲಿ. ನೀವು ಕನ್ನಡದಾಗ ಮಾತಾಡ್ರಿ."

"ಹಂಗಾದ್ರ ಮಾತ ಬರ್ತೈತೇನವ್ವ?"

ಅವಳು ತಕ್ಷಣ ಹೌದು ಎನ್ನಲಿಲ್ಲ. ಅದಕ್ಕೇ ನನಗೆ ಅವಳ ಮೇಲೆ ನಂಬಿಕೆ ಬಂತು. "ಯಾವಾಗ, ಎಷ್ಟ ಬರ್ತೈತಿ ಅಂತ ಈಗ ಹೇಳಾಕ ಆಗೂದಿಲ್ರಿ. ಯಾಕ ತಡಾ ಆಗೇತಿ ಅಂತ ಇನ್ನೂ ನೋಡಬೇಕು. ತಪ್ಪದ ಕರಕೊಂಡ ಬರ್ರಿ. ಆದ್ರ ಮಾತ ಬರೂಮಟ ಆಕಿ ಏನೂ ಹೇಳಾಕತ್ತಿಲ್ಲ ಅಂತ ತಿಳ್ಕೋಬ್ಯಾಡ್ರಿ. ಸೆರಗ ಎಳದ್ರ ಅದೂ ಮಾತ. ಕೈ ತೋರ್ಸಿದ್ರ ಅದೂ ಮಾತ. ಅದಕ್ಕ ನೀವು ಜವಾಬ ಕೊಡಬೇಕು. ಕೈಸನ್ನಿ ಕಲಿಸಿದ್ರ ಮಾತ ಬರೂದಿಲ್ಲ ಅಂತಾರ, ಅದೂ ಸುಳ್ಳ."

ಮಗುವಿನ ಎದುರಿಗೆ ಕೂತು ಅದು ನೋಡುವುದರ ಬಗ್ಗೆಯೇ ಮಾತಾಡಬೇಕು, ಸಣ್ಣ ಸಣ್ಣ ಮಾತು ಆಡಬೇಕು, ಆಮೇಲೆ ಸುಮ್ಮನೆ ಕಾಯಬೇಕು ಎಂದು ತೋರಿಸಿಕೊಟ್ಟಳು. ನಾನು ಯಶುವಿಗೆ ಬಿಸ್ಕೀಟು ಬೇಕೆಂದು ಕಂಡ ಕೂಡಲೇ ಚೀಲದಿಂದ ತೆಗೆದು ಕೈಗೆ ಕೊಟ್ಟೆ. ಕೌಸರ ನನ್ನ ಕೈ ಹಿಡಿದಳು.

"ಆಯೀ, ಆಕಿ ಕೇಳೂ ಮೊದಲ ಕೊಟ್ಟಬಿಟ್ರಿ. ಇನ್ನ ಆಕಿ ಯಾಕ ಕೇಳ್ತಾಳ? ಸ್ವಲ್ಪ ಬಾಯಿ ಮುಚ್ಚಿ ಕುಂದರಾಕ ಆಗತೈತೇನ್ರಿ ನಿಮಗ?"

ನೀಲಮ ಕಿಸಕ್ಕನೆ ನಕ್ಕಳು. ಹುಟ್ಟಿದಾಗಿನಿಂದ ನನಗೆ ಯಾರೂ ಹಾಕದ ಶಿಕ್ಷೆ ಅದು. ಆಗಲವ್ವ, ಅದನ್ನೂ ಮಾಡುತ್ತೇನೆ ಎಂದೆ.

ಮನೆಗೆ ಬಂದಾಗ ಯಜಮಾನರು ಕಟ್ಟೆಯ ಮೇಲೆ ಉರಿಯುತ್ತ ಕೂತಿದ್ದರು. ನಾನು ಒಂದೂ ಮುಚ್ಚಿಡದೆ ಹೇಳಿದೆ.

"ನಿನ್ನೆ ಮೊನ್ನೆ ಹುಟ್ಟಿದ ಹುಡುಗಿ ನನಗ ಹೇಳಾಕಿ ಏನ? ಕಾಕಾಸಾಹೇಬ ಸುಳ್ಳ ಹೇಳ್ಯಾನೇನ?"

"ಕಾಕಾಸಾಹೇಬ ಬಸ್ಸ ಹೊಡದಾನ್ರಿ, ಕೂಸಗೋಳ ಮಾತ ಓದಿಲ್ಲ!"

ಜಗಳ ಏರಿತು. ನೀಲಮ ಮಗಳನ್ನೆತ್ತಿಕೊಂಡು ಒಳಗೆ ಹೋದಳು. ಆಗ ಅವರು ಇದ್ದಕ್ಕಿದ್ದಂತೆ ದನಿ ಇಳಿಸಿದರು.

"ಸುಂದ್ರಾ, ನಿನಗ ಗೊತ್ತಿಲ್ಲ. ರಾಯಬಾಗ ಸ್ಟ್ಯಾಂಡಿನ್ಯಾಗ ಒಮ್ಮೆ ಒಂದ ಹುಡುಗಿ ಕಳದಿತ್ತು. ಹೆಸರ ಕೇಳಿದ್ರ ಹೇಳಾಕ ಬರವಲ್ದು, ಊರ ಕೇಳಿದ್ರ ಬರವಲ್ದು. ಮಂದಿ ಸುತ್ತ ನಿಂತ ನಗಾಕತ್ತಿದ್ರು. ನಾ ಆಕಿನ್ನ ನನ್ನ ಸೀಟಿನ ಮ್ಯಾಲ ಕುಂಡ್ರಿಸಿಕೊಂಡ ಕುಂತಿದ್ನಿ, ಅವ್ವಪ್ಪ ಬರೂಮಟ. ನಮ್ಮ ಯಶೂಗ ಹಂಗ ಆದ್ರ ಯಾರ ಕುಂಡ್ರಿಸಿಕೋತಾರ? ನಾ ಇರ್ತೀನೇನ ಆವಾಗ?"

ಇಷ್ಟು ವರ್ಷ ಬಾಳುವೆ ಮಾಡಿ ನಾನು ಅವರ ಕಣ್ಣಲ್ಲಿ ನೀರು ನೋಡಿದ್ದು ಅಪರೂಪ. ಆ ಮನುಷ್ಯನ ಹಟದ ಒಳಗೆ ಹೆದರಿಕೆ ಕೂತಿತ್ತು. ನನ್ನ ಸಿಟ್ಟು ಅಲ್ಲೇ ಇಳಿಯಿತು, ಆದರೆ ಅವರ ಹಟ ಇಳಿಯಲಿಲ್ಲ. "ನಾ ಮನ್ಯಾಗ ಇದ್ದಾಗ ಮರಾಠಿ ಬ್ಯಾಡ, ಅಷ್ಟ" ಎಂದು ಎದ್ದು ಹೋದರು.

ನೀಲಮ ಮಾವನ ಮಾತು ಮೀರುವವಳಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಒಂದು ವಿಚಿತ್ರ ಸಂಸಾರ ನಡೆಯಿತು. ಅವರ ಚಪ್ಪಲಿ ಹೊಸ್ತಿಲು ದಾಟಿತೋ, ಒಳಗೆ ಮರಾಠಿ ಶುರು. ಚಪ್ಪಲಿಯ ಸಪ್ಪಳ ವಾಪಸು ಬಂತೋ, ನೀಲಮನ ಬಾಯಿ ಬಂದ್. ಅವರು ಹೊರಗಿದ್ದಷ್ಟು ಹೊತ್ತಿನಲ್ಲೇ ಅವಳು ಮಗಳ ಎದುರು ಕೂತು ಆಡಿಸುವಳು, ಕೈಯಿಂದ 'ಬಾ', 'ಇನ್ನೂ ಬೇಕು', 'ಆಯ್ತು' ಎಂದು ಮಾಡಿ ತೋರಿಸುವಳು, ಮಾತನ್ನೂ ಜೊತೆಗೆ ಹೇಳುವಳು. ನಾನು ಬಾಳೆಹಣ್ಣು ಒಂದು ಕೈಯಲ್ಲಿ, ಬಿಸ್ಕೀಟು ಇನ್ನೊಂದು ಕೈಯಲ್ಲಿ ಹಿಡಿದು ತುಟಿ ಹೊಲಿದುಕೊಂಡು ಕೂರುತ್ತಿದ್ದೆ. ಎಂಥ ಕಷ್ಟ ಅಂತೀರಿ! ನಾಲಗೆ ಬಾಯೊಳಗೆ ಕುಣಿಯುತ್ತಿತ್ತು. ಮೊದಲು ಯಶು ಸುಮ್ಮನೆ ಅತ್ತಳು. ಎಷ್ಟೋ ದಿನ ಏನೂ ಆಗಲಿಲ್ಲ. ಆಮೇಲೊಮ್ಮೆ ನನ್ನ ಮುಖ ನೋಡಿ, ಬಾಳೆಹಣ್ಣಿನ ಕೈಯನ್ನು ಮುಟ್ಟಿದಳು. "ಬಾಳಿಹಣ್ಣ! ಬಾಳಿಹಣ್ಣ ಬೇಕ ನನ ಮಗಳಿಗೆ!" ಎಂದು ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೇನೋ ಎಂದು ಓಡಿ ಬಂದರು. ಚಿಲಕದ ಟಕಟಕ ಕಡಿಮೆಯಾಯಿತು. ಸೆರಗು ಎಳೆಯುವುದು ಮತ್ತೆ ಬಂತು.

ಇದನ್ನು ಯಜಮಾನರಿಗೆ ಹೇಳಿದರೆ, "ಮಾತ ಬಂತೇನ?" ಎನ್ನುತ್ತಿದ್ದರು. ಇಲ್ಲ ಎಂದರೆ, "ಮತ್ತ?" ಎನ್ನುತ್ತಿದ್ದರು.

ಶ್ರಾವಣದಲ್ಲಿ ಒಂದು ದಿನ ಬೆಳಗಿನಿಂದ ಜಿಟಿಜಿಟಿ ಮಳೆ ಹಿಡಿದಿತ್ತು. ಅವರು ಎಲ್ಲೂ ಹೊರಬೀಳಲಿಲ್ಲ. ಹೀಗಾಗಿ ಬೆಳಗಿನಿಂದ ನೀಲಮನೂ ಬಾಯಿ ಬಿಟ್ಟಿರಲಿಲ್ಲ. ಮಧ್ಯಾಹ್ನ ಯಜಮಾನರೂ ಸಂಗ್ರಾಮನೂ ಊಟಕ್ಕೆ ಕೂತರು. ನಾನು ರೊಟ್ಟಿ ಬಡಿಸುತ್ತಿದ್ದೆ. ನೀಲಮ ಸ್ವಲ್ಪ ಆಚೆ ಗೋಡೆಗೊರಗಿ, ಯಶುವನ್ನು ತೊಡೆಯ ಮೇಲೆ ಎದುರುಮುಖವಾಗಿ ಕೂರಿಸಿಕೊಂಡು ಅನ್ನ ಬೇಳೆ ಕಲಸಿ ತುತ್ತು ಕೊಡುತ್ತಿದ್ದಳು. ಸುಮ್ಮನೆ.

ಯಶು ಒಂದು ತುತ್ತು ತಿಂದಳು. ಅವ್ವನ ಮುಖ ನೋಡಿದಳು. ಎರಡನೆಯ ತುತ್ತಿಗೆ ಬಾಯಿ ತೆರೆಯಲಿಲ್ಲ. ನೀಲಮ ತುತ್ತನ್ನು ತುಟಿಗೆ ತಾಗಿಸಿದಳು. ಯಶು ಕತ್ತು ಕೊಂಕಿಸಿ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು. ತನ್ನ ಪುಟ್ಟ ಅಂಗೈಯನ್ನು ಅವ್ವನ ತುಟಿಯ ಮೇಲಿಟ್ಟು ತಟ್ಟಿದಳು.

ನೀಲಮ ಆ ಕೈಗೆ ಮುತ್ತು ಕೊಟ್ಟು ಇಳಿಸಿದಳು. ಮಗು ಮತ್ತೆ ಇಟ್ಟಿತು. ಈ ಸಲ ಸ್ವಲ್ಪ ಜೋರಾಗಿ ತಟ್ಟಿತು. ಕಣ್ಣು ಅವ್ವನ ಕಣ್ಣಲ್ಲೇ ನೆಟ್ಟಿತ್ತು. ಕೈ ತೆಗೆದು ಕಾಯಿತು. ಏನೂ ಬರಲಿಲ್ಲ. ಅದು ಎರಡು ಬೆರಳಿನಿಂದ ಅವ್ವನ ಕೆಳದುಟಿ ಹಿಡಿದು ಬಾಯಿ ತೆರೆಯಲು ಎಳೆಯಿತು.

ಯಾರಿಗೆ ತಿಳಿಯುವುದಿಲ್ಲ ಹೇಳಿ ಅದು? ಅನ್ನ ಬೇಡ ಅವಳಿಗೆ. ಅವ್ವನ ಮಾತು ಬೇಕು.

ನೀಲಮನ ಕಣ್ಣಿನಿಂದ ನೀರು ಇಳಿದು ಮಗುವಿನ ಬೆರಳ ಮೇಲೆ ಬಿತ್ತು. ಆದರೂ ಅವಳು ಬಾಯಿ ತೆರೆಯದೆ ಮಾವನ ಕಡೆ ನೋಡಿದಳು. ಸಂಗ್ರಾಮ ಮೊದಲ ಸಲ ತಲೆಯೆತ್ತಿ "ಅಪ್ಪಾ" ಎಂದ. ಅಷ್ಟೇ ಎಂದ. ನನ್ನ ಕೈಯಲ್ಲಿ ರೊಟ್ಟಿ ಹಾಗೇ ಇತ್ತು. ಹೇಳಬೇಕೆಂದು ಹತ್ತು ಮಾತು ಗಂಟಲಿಗೆ ಬಂದವು. ಕಾಯುವುದನ್ನು ಕಲಿತಿದ್ದೆನಲ್ಲ, ಸುಮ್ಮನೆ ನಿಂತೆ.

ಯಜಮಾನರು ತುತ್ತು ಕೈಯಲ್ಲಿ ಹಿಡಿದು ಮೊಮ್ಮಗಳನ್ನೇ ನೋಡುತ್ತಿದ್ದರು. ಮಗು ಇನ್ನೊಮ್ಮೆ ಅವ್ವನ ತುಟಿ ತಟ್ಟಿತು. ಅವರು ತುತ್ತನ್ನು ತಾಟಿನಲ್ಲಿ ಇಟ್ಟರು.

"ಬೋಲ್ ಗ ಪೋರಿ," ಎಂದರು. "ಲೇಕ ಮಾಗತಿಯಾ."

ಮಾತಾಡವ್ವ ಹುಡುಗಿ, ಮಗಳು ಕೇಳುತ್ತಿದ್ದಾಳೆ ಎಂದು. ಅಪ್ಪಟ ಮರಾಠಿಯಲ್ಲಿ, ಎಲ್ಲರ ಮುಂದೆ, ಆ ಮನುಷ್ಯನೇ. ನೀಲಮನಿಗೆ ಮೊದಲು ಅಳು ಬಂತು, ಅಳುತ್ತಲೇ ಮಾತು ಬಂತು. ಯಶು ಅವ್ವನ ಬಾಯಿಯನ್ನು ಒಂದು ಗಳಿಗೆ ನೋಡಿ, ತಾನಾಗಿ ಬಾಯಿ ತೆರೆದು ತುತ್ತು ತೆಗೆದುಕೊಂಡಳು.